ಜನ್ಮಕ್ಕೊಂದೇ ಸೋಪು

ಹೆಂಡತಿ: ಒಂದು ಅಂದ್ರೆ ಒಂದೇ. ಎರಡಲ್ಲ, ಒಂದೂವರೆ ಅಲ್ಲ. ಅಮ್ಮನ ಕಾರು ಗೇಟಿನ ಹತ್ರ ಬರೋದ್ರೊಳಗೆ ಆ ಹಲಗೆ ಮೇಲೆ ಒಂದೇ ಸೋಪು ಇರಬೇಕು.

ಗಂಡ: (ಬಚ್ಚಲುಮನೆಯ ಒಳಗಿಂದ, ನೊರೆ ಮೆತ್ತಿದ ಬಾಯಲ್ಲಿ) ಅವಸರ ಮಾಡಬೇಡ ಕಣೇ. ಇದು ಜೀವಮಾನದ ಪ್ರಶ್ನೆ.

ಹೆಂಡತಿ: ಜೀವಮಾನದ ಪ್ರಶ್ನೆಯಂತೆ! ನನ್ನ ಮದುವೆ ಆಗ್ತೀನಿ ಅನ್ನೋಕೆ ನಿಮಗೆ ಒಂದು ಲೋಟ ಕಾಫಿ ಮುಗಿಯೋಷ್ಟು ಹೊತ್ತು ಸಾಕಾಯ್ತಲ್ಲ, ಅದೇನು ವಾರದ ಮಟ್ಟಿನ ಪ್ರಶ್ನೆನಾ?

ಗಂಡ: ಅವತ್ತು ಎದುರಿಗೆ ಕೂತಿದ್ದಿದ್ದು ನೀನೊಬ್ಬಳೇ. ಹೋಲಿಸಿ ನೋಡೋಕೆ ಅವಕಾಶ ಎಲ್ಲಿತ್ತು?

ಹೊರಗಿನಿಂದ ಬಾಗಿಲಿಗೆ ಎರಡು ಏಟು ಬಿದ್ದವು. ಒಳಗೆ ಬ್ರಷ್ಷು ತಿರುಗುವುದು ನಿಂತಿತು.

ಹೆಂಡತಿ: ಬಾಗಿಲು ತೆಗೀರಿ.

ಗಂಡ: ತಮಾಷೆಗೆ ಅಂದೆ.

ಹೆಂಡತಿ: ತಮಾಷೆನ ಮುಖ ಕೊಟ್ಟು ಮಾಡಬೇಕು. ತೆಗೀರಿ.

ಗಂಡ: ಅರ್ಧ ಮುಖ ಇನ್ನೂ ಬಾಕಿ ಇದೆ. ಆಮೇಲೆ ಕೊಡ್ತೀನಿ.

ಈ ಮನೆಯ ಯಜಮಾನರು ಒಂದು ದೊಡ್ಡ ಕಚೇರಿಯಲ್ಲಿ ವಿಭಾಗದ ಮುಖ್ಯಸ್ಥರು. ತಮ್ಮ ಮೇಜಿಗೆ ಬಂದ ಕಡತದ ಮೇಲೆ ಅವರು ‘ಆಗಲಿ’ ಎಂದು ಬರೆದವರಲ್ಲ, ‘ಬೇಡ’ ಎಂದೂ ಬರೆದವರಲ್ಲ. ‘ಮತ್ತೊಮ್ಮೆ ಪರಿಶೀಲಿಸಿ ಮಂಡಿಸಿ’ ಎಂದು ಬರೆದು, ಕೆಳಗೆ ಚೆಂದದ ಸಹಿ ಎಳೆದು, ಬಡ್ತಿಯ ಮೇಲೆ ಬಡ್ತಿ ಪಡೆದವರು. ಮನೆಯಲ್ಲಿ ಅವರ ಸ್ವಂತದ್ದೆಂದು ಇದ್ದದ್ದು ಬಚ್ಚಲುಮನೆಯ ಕನ್ನಡಿಯ ಕೆಳಗಿನ ಹಲಗೆ ಒಂದೇ. ಅದರ ತುಂಬ ಗಡ್ಡ ಮಾಡಿಕೊಳ್ಳುವ ಸೋಪುಗಳು. ಗಂಧದ್ದು, ನಿಂಬೆಯದ್ದು, ಪುದೀನದ್ದು, ಮರದ ಬಟ್ಟಲಿನದ್ದು, ಯಾವ ವಾಸನೆಯೆಂದು ಯಾರಿಗೂ ಹೇಳಲಾಗದ್ದು. ಒಂದನ್ನಾದರೂ ಪೂರ್ತಿ ಸವೆಸಿದವರಲ್ಲ.

ಈಗ ಅತ್ತೆ ಇಲ್ಲೇ ಬಂದು ಇರುವವರಿದ್ದರು. ಅವರ ಕಟ್ಟಿಸಿದ ಹಲ್ಲಿನ ಬಟ್ಟಲಿಗೆ, ಎಣ್ಣೆ ಶೀಶೆಗೆ, ಮಾತ್ರೆ ಡಬ್ಬಿಗಳಿಗೆ ಜಾಗ ಬೇಕು. ಒಂದು ಸೋಪು ಉಳಿಸಿಕೊಳ್ಳಿ, ಮಿಕ್ಕದ್ದೆಲ್ಲ ಆಚೆ ಎಂದು ಹೆಂಡತಿ ಹೇಳಿದ್ದಳು. ಯಜಮಾನರಿಗೆ ಕುರ್ಚಿ ಹೋದಷ್ಟೇ ಸಂಕಟವಾಗಿತ್ತು. ಬೆಳಗಿನ ಹೊತ್ತು ಆ ಹಲಗೆಯ ಮುಂದೆ ನಿಂತು, ಇವತ್ತು ಯಾವುದು ಎಂದು ಯೋಚಿಸುವುದೇ ಅವರ ಇಡೀ ದಿನದ ಸುಖ.

ಬೇರೆ ದಾರಿ ಕಾಣದೆ ಅವರು ಪಂದ್ಯ ಏರ್ಪಡಿಸಿದರು. ದಿನಾ ಬೆಳಿಗ್ಗೆ ಎರಡು ಸೋಪುಗಳ ನಡುವೆ ಸ್ಪರ್ಧೆ. ಹಿಂದಿನ ದಿನ ಗೆದ್ದದ್ದು ಬಲಗೆನ್ನೆಗೆ, ಹೊಸದು ಎಡಗೆನ್ನೆಗೆ. ಹೆಂಡತಿ ಎದುರಿಗೆ ನಿಂತು, ಎರಡು ಕೆನ್ನೆಯನ್ನೂ ಬೆರಳಿನಿಂದ ಸವರಿ, ಬಲವೋ ಎಡವೋ ಎಂದು ತೀರ್ಪು ಕೊಡಬೇಕು. ಯಾವ ಕಡೆ ಯಾವ ಸೋಪು ಎಂದು ಅವಳಿಗೆ ಹೇಳುವಂತಿಲ್ಲ, ಹೇಳಿದರೆ ಪಕ್ಷಪಾತವಾಗುತ್ತದೆ. ಸೋತ ಸೋಪು ಅವತ್ತೇ ಭಾವಮೈದನ ಮನೆಗೆ. ತಿಂಗಳಿಂದ ನಡೆದ ಈ ಕಾಳಗದಲ್ಲಿ ಹಸಿರು ಡಬ್ಬಿಯ ಸೋಪೊಂದು ಸೋಲೇ ಕಂಡಿರಲಿಲ್ಲ. ಇವತ್ತು ಕೊನೆಯ ಪಂದ್ಯ. ಹಸಿರು ಡಬ್ಬಿಯ ಎದುರಿಗೆ ಹಡಗಿನ ಚಿತ್ರದ ಸೋಪು.

ಬಾಗಿಲು ತೆರೆಯಿತು. ಯಜಮಾನರು ಹೆಗಲ ಮೇಲೆ ಟವಲು ಹಾಕಿಕೊಂಡು, ಗಲ್ಲ ಎತ್ತಿ ನಿಂತರು. ಹೆಂಡತಿಯ ಕೈಯಲ್ಲಿ ಸೌಟಿತ್ತು.

ಗಂಡ: ಕೈ ತೊಳ್ಕೊಂಡ್ಯಾ? ಈರುಳ್ಳಿ ಕೈಯಲ್ಲಿ ತೀರ್ಪು ಕೊಡಬಾರದು.

ಹೆಂಡತಿ: ಸೌಟಲ್ಲೇ ಕೊಡ್ಲಾ?

ಗಂಡ: ಬೇಡ ಬೇಡ, ಬೆರಳೇ ಇರಲಿ. ನಿಧಾನಕ್ಕೆ ನೋಡು. ಮೇಲಿಂದ ಕೆಳಗೆ, ಆಮೇಲೆ ಕೆಳಗಿಂದ ಮೇಲೆ.

ಹೆಂಡತಿ: (ಸವರಿ) ಬಲಗಡೆದು ಬೆಣ್ಣೆ. ಎಡಗಡೆದು ಉಪ್ಪುಕಾಗದ. ಆಯ್ತಾ? ಒಲೆ ಮೇಲೆ ಹಾಲಿದೆ, ಹೋಗ್ಲಾ?

ಗಂಡ: ಗೆದ್ದುಬಿಡ್ತು! ನೋಡಿದ್ಯಾ, ಹಸಿರು ಡಬ್ಬಿ ಮತ್ತೆ ಗೆದ್ದುಬಿಡ್ತು! ಇನ್ನು ಜನ್ಮಪೂರ್ತಿ ಇದೊಂದೇ. ನನಗೆ ಮೊದಲೇ ಗೊತ್ತಿತ್ತು, ಅದಕ್ಕೇ ಒಂದು ಪೆಟ್ಟಿಗೆ ತರಿಸಿಬಿಟ್ಟಿದೀನಿ.

ಹೆಂಡತಿ ಹಾಲನ್ನು ಮರೆತಳು.

ಹೆಂಡತಿ: ಪೆಟ್ಟಿಗೆನಾ? ಎಲ್ಲಿದೆ?

ಗಂಡ: ನಿಮ್ಮಮ್ಮನ ಮಂಚದ ಕೆಳಗೆ.

ಹೆಂಡತಿ: ಹಲಗೆ ಖಾಲಿ ಮಾಡಿ ಅಂದ್ರೆ ಮಂಚ ತುಂಬಿಸಿದ್ರಾ? ಅಷ್ಟು ಸೋಪು ಯಾವ ಕಾಲಕ್ಕೆ ಮುಗಿಯುತ್ತೆ?

ಗಂಡ: ಜನ್ಮಕ್ಕಾಗೋಷ್ಟು ಅಂತ ಲೆಕ್ಕ ಹಾಕಿ ತಂದಿದೀನಿ. ಕಡಿಮೆ ತಂದಿದ್ರೆ, ಬೇಗ ಹೋಗೋ ಯೋಚನೆನಾ ಅಂತ ನೀನೇ ಅಳ್ತಿದ್ದೆ.

ಹೆಂಡತಿ: ಜಾಸ್ತಿ ತಂದಿದೀರಲ್ಲ, ಅದಕ್ಕೇ ಅಳು ಬರ್ತಿದೆ. ಹೋಗಿ ವಾಪಸ್ ಕೊಟ್ಟು ಬನ್ನಿ.

ಗಂಡ: ತಗೊಳಲ್ವಂತೆ. ಅಂಗಡಿಯವನು ಮೊದಲೇ ಕೇಳಿದ, ಯೋಚನೆ ಮಾಡಿ ಸಾರ್ ಅಂದ. ನಿರ್ಧಾರ ಮಾಡಿದ ಮೇಲೆ ಹಿಂದೆ ಸರಿಯೋ ಮನುಷ್ಯ ನಾನಲ್ಲ ಅಂತ ಬಾಯಿ ಮುಚ್ಚಿಸಿದೆ.

ಹೆಂಡತಿ: ನೀವು ನಿರ್ಧಾರ ಅಂತ ಮಾಡಿದ್ದೇ ಇದು ಮೊದಲು. ಹಿಂದೆ ಸರೀತೀರೋ ಮುಂದೆ ಬೀಳ್ತೀರೋ ಅವನಿಗೇನು ಗೊತ್ತು? ಇರಲಿ, ಆ ಎಡಗೆನ್ನೆಗೆ ಏನಾದ್ರೂ ಹಚ್ಕೊಳ್ಳಿ. ಬೆಂದು ಹೋಗಿದೆ. ದಿನಾ ಅದೇ ಕಡೆ. ಹೊಸ ಸೋಪು ಒಂದಾದ್ರೂ ನಿಮಗೆ ಹೊಂದಬಾರದಾ?

ಗಂಡ: ಎಡಗೆನ್ನೆಗೇನಾಗಿದೆ? ತಣ್ಣಗಿದೆ. ಉರೀತಿರೋದು ಬಲಗೆನ್ನೆ.

ಹೆಂಡತಿ: ಬಲಗೆನ್ನೆ ಈಗ ತಾನೇ ಮುಟ್ಟಿದೆ. ಮಗು ಕೆನ್ನೆ ಥರ ಇದೆ.

ಗಂಡ: ನನ್ನ ಕೆನ್ನೆ ನನಗೆ ಗೊತ್ತಿಲ್ವೇನೇ? ಬಲಗಡೆ ಉರಿ, ಉರಿ!

ಹೆಂಡತಿ: (ಸೌಟಿನ ತುದಿಯಿಂದ ನುಣುಪಾದ ಕೆನ್ನೆ ತೋರಿಸುತ್ತಾ) ಇದು ಉರಿಯುತ್ತಾ?

ಗಂಡ: ಅದು ಎಡ!

ಹೆಂಡತಿ: ಇದು ಬಲ! ನನ್ನ ಬಲಗೈ ಕಡೆ ಇದೆ, ಬಲ ಅನ್ನದೆ ಇನ್ನೇನು ಅನ್ನಲಿ?

ಯಜಮಾನರು ಸೌಟು ನೋಡಿದರು. ತಮ್ಮ ಎಡಗೈ ಎತ್ತಿ ಆ ಕೆನ್ನೆ ಮುಟ್ಟಿ ನೋಡಿದರು. ಮತ್ತೆ ಹೆಂಡತಿಯ ಬಲಗೈ ನೋಡಿದರು. ಮುಖದ ಬಣ್ಣ ಇಳಿಯಿತು, ಒಂದು ಕೆನ್ನೆಯದು ಬಿಟ್ಟು.

ಗಂಡ: ತಿಂಗಳಿಂದ ಬಲ, ಬಲ ಅಂತ ಕೂಗಿದ್ಯಲ್ಲ, ಎಲ್ಲಾ ನಿನ್ನ ಬಲನಾ?

ಹೆಂಡತಿ: ಮತ್ತೆ? ನಿಂತು ನೋಡೋಳು ನಾನಲ್ವಾ?

ಗಂಡ: ಕೆನ್ನೆ ನಂದು!

ಹೆಂಡತಿ: ತೀರ್ಪು ನಂದು!

ಗಂಡ: ಅಯ್ಯೋ ಪುಣ್ಯಾತ್ಗಿತ್ತಿ! ಹಾಗಾದ್ರೆ ಹಸಿರು ಡಬ್ಬಿ ಒಂದು ದಿನನೂ ಗೆದ್ದಿಲ್ಲ. ದಿನಾ ಸೋತಿದೆ. ದಿನಾ ಸೋತಿದ್ದನ್ನೇ ದಿನಾ ಮೇಲಕ್ಕೆ ಏರಿಸಿದೀನಿ!

ಹೆಂಡತಿ: ಅದರಲ್ಲೇನಾಶ್ಚರ್ಯ? ನಿಮ್ಮ ಆಫೀಸಲ್ಲಿ ನಡೆಯೋದೇ ಹಾಗಲ್ವಾ?

ಗಂಡ: ಆಫೀಸಿನ ಸುದ್ದಿ ಇಲ್ಲಿ ಬೇಡ.

ಹೆಂಡತಿ: ಅಲ್ಲ, ತಿಂಗಳಿಡೀ ಕೆನ್ನೆ ಉರಿದ್ರೂ ನಿಮಗೆ ಅನುಮಾನ ಬರಲಿಲ್ವಾ?

ಗಂಡ: ಹೇಗೆ ಬರುತ್ತೆ? ವರದಿ ಚೆನ್ನಾಗಿ ಬಂದಿತ್ತು. ವರದಿ ಇದ್ದ ಮೇಲೆ ಕೆನ್ನೆ ಮಾತು ಯಾರು ಕೇಳ್ತಾರೆ? ಒಳ್ಳೇ ಸೋಪು ಸ್ವಲ್ಪ ಉರೀಬೇಕೇನೋ, ಗುಣದ ಲಕ್ಷಣ ಇರಬೇಕು ಅಂದ್ಕೊಂಡೆ.

ಹೆಂಡತಿಗೆ ನಗು ತಡೆಯಲಾಗಲಿಲ್ಲ. ಸೌಟನ್ನು ಬಾಯಿಗೆ ಅಡ್ಡ ಹಿಡಿದು ನಕ್ಕಳು. ಯಜಮಾನರು ಹಲಗೆಯ ಕಡೆ ತಿರುಗಿದರು. ಒಂದು ಕಾಲಕ್ಕೆ ಕೈ ಹಾಕಲು ಜಾಗವಿಲ್ಲದಂತಿದ್ದ ಹಲಗೆ. ಈಗ ಅಲ್ಲಿ ಎರಡು ಸೋಪು ಬಿಟ್ಟರೆ ಡಬ್ಬಿಗಳ ಗುಂಡಗಿನ ಕಲೆಗಳು ಮಾತ್ರ. ಅವರಿಗೆ ನಿಜಕ್ಕೂ ಅಳು ಬಂತು.

ಗಂಡ: ಗಂಧದ್ದು ಹೋಯ್ತು. ಪುದೀನದ್ದು ಹೋಯ್ತು. ಗೆದ್ದೋರನ್ನೆಲ್ಲಾ ನಿನ್ನ ತಮ್ಮನ ಮನೆಗೆ ಅಟ್ಟಿಬಿಟ್ನಲ್ಲೇ.

ಹೆಂಡತಿ: ನೀವೇ ತಾನೇ ಅಂದಿದ್ದು, ಸೋತಿರೋ ಸೋಪು ಸಾಕು ಅವನ ಮುಖಕ್ಕೆ ಅಂತ?

ಗಂಡ: ಅದಕ್ಕೇ! ಅದಕ್ಕೇ ಮೊನ್ನೆ ಸಿಕ್ಕಾಗ ಅಷ್ಟು ಮಿಂಚ್ತಿದ್ದ! ಪಕ್ಕದ ಮನೆಯವರು ನನ್ನನ್ನ ಅವನ ಅಪ್ಪ ಅಂದ್ಕೊಂಡ್ರು.

ಹೆಂಡತಿ: (ಕನಿಕರದಿಂದ) ಹೋಗಲಿ ಬಿಡಿ. ಹಡಗಿಂದು ಇನ್ನೂ ಇಲ್ಲೇ ಇದೆಯಲ್ಲ. ಇವತ್ತು ಗೆದ್ದಿದ್ದು ಅದೇ. ಜನ್ಮಕ್ಕೆ ಅದೊಂದನ್ನ ಇಟ್ಕೊಳ್ಳಿ. ಪೆಟ್ಟಿಗೆದು ಬಟ್ಟೆ ಒಗೆಯೋಕೋ ನೆಲ ತೊಳೆಯೋಕೋ ಆಗುತ್ತೆ. ಹೂಂ ಅನ್ನಿ, ಒಂದೇ ಮಾತು. ಇಲ್ಲೇ ಮುಗಿಸಿಬಿಡೋಣ.

ಯಜಮಾನರು ಹಡಗಿನ ಸೋಪನ್ನು ಎತ್ತಿಕೊಂಡರು. ಮೂಸಿದರು. ಎಡಗೆನ್ನೆ ಸವರಿಕೊಂಡರು. ನಿಜಕ್ಕೂ ನುಣುಪಾಗಿತ್ತು. ಹೂಂ ಎನ್ನಲು ಬಾಯಿಯನ್ನೂ ತೆರೆದರು.

ಹೆಂಡತಿ: ಅನ್ನಿ ಮತ್ತೆ!

ಗಂಡ: ಅಂತೀನಿ. ಆದ್ರೆ ಇದು ಗೆದ್ದಿರೋದು ಬರೀ ಹಸಿರು ಡಬ್ಬಿ ಮೇಲೆ. ಹಸಿರು ಡಬ್ಬಿ ಮೇಲೆ ಯಾರು ಬೇಕಾದ್ರೂ ಗೆಲ್ತಾರೆ. ಗಂಧದ್ದನ್ನ ನಿನ್ನ ತಮ್ಮನ ಹತ್ರ ಒಂದೇ ದಿನಕ್ಕೆ ಈಸ್ಕೊಂಡು, ಇದರ ಜೊತೆ ಇಟ್ಟು, ಮತ್ತೊಮ್ಮೆ ಪರಿಶೀಲಿಸಿ...

ಕರೆಗಂಟೆ ಮೊಳಗಿತು. ಒಳಗೆ ಹಾಲೂ ಉಕ್ಕಿತು. ಹೆಂಡತಿ ಒಲೆಯ ಕಡೆ ಓಡಿದಳು. ಯಜಮಾನರು ಸೋಪು ಹಿಡಿದುಕೊಂಡೇ ಹೋಗಿ ಬಾಗಿಲು ತೆಗೆದರು. ಅತ್ತೆಯ ಹಿಂದೆ, ಎರಡು ಕೈಯಲ್ಲೂ ಅಮ್ಮನ ಬಟ್ಟೆಯ ಪೆಟ್ಟಿಗೆ ಹಿಡಿದು ಭಾವಮೈದ ನಿಂತಿದ್ದ. ಕೆನ್ನೆ ಎರಡೂ ಕನ್ನಡಿಯಂತಿದ್ದವು.

ಭಾವಮೈದ: ಏನು ಭಾವ, ಸೋಪು ಹಿಡ್ಕೊಂಡೇ ಕಾಯ್ತಾ ಇದೀರ! ಇವತ್ತಿಂದು ಇದೇನಾ?

ಗಂಡ: ಅಲ್ಲ, ಇದು...

ಭಾವಮೈದ: (ಪೆಟ್ಟಿಗೆ ಇಳಿಸಿ, ಸೋಪನ್ನು ಕೈಯಿಂದ ತೆಗೆದುಕೊಂಡು ಜೇಬಿಗಿಳಿಸುತ್ತಾ) ನಿಮ್ಮಂಥ ಭಾವ ಯಾರಿಗೂ ಸಿಗಲ್ಲ ಬಿಡಿ. ಒಳ್ಳೊಳ್ಳೇದೆಲ್ಲಾ ನನಗೆ ಕಳಿಸಿ, ಯಾವುದೋ ಒಂದನ್ನ ನೀವಿಟ್ಕೊಂಡಿದೀರಂತೆ. ಆಫೀಸಲ್ಲಿ ಎಲ್ಲರಿಗೂ ಹೇಳ್ತಿರ್ತೀನಿ.

ಗಂಡ: (ಒಳಗೆ ತಿರುಗಿ) ಕೇಳಿಸ್ತಾ? ಏನಾದ್ರೂ ಹೇಳೇ!

ಹೆಂಡತಿ: (ಬಟ್ಟೆಯಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು) ಹೇಳೋಕೇನಿದೆ? ಒಂದೇ ಉಳೀಬೇಕಿತ್ತು, ಒಂದೇ ಉಳೀತು. ಬಾ ಅಮ್ಮ.

ಅತ್ತೆ ಮೊದಲು ಹೋದದ್ದು ಬಚ್ಚಲುಮನೆಗೆ. ಹಲಗೆಯ ಮೂಲೆಯಲ್ಲಿ ಹಸಿರು ಡಬ್ಬಿಯೊಂದು ಬಿಟ್ಟರೆ ಮಿಕ್ಕದ್ದೆಲ್ಲ ಖಾಲಿ. ಹಲ್ಲಿನ ಬಟ್ಟಲು ನಡುವೆ ಇಟ್ಟರು, ಶೀಶೆಗಳನ್ನು ಅದರ ಎರಡೂ ಬದಿಗೆ ಜೋಡಿಸಿದರು. ತೃಪ್ತಿಯಿಂದ ಹೊರಗೆ ಬಂದವರು ಅಳಿಯನ ಮುಖವನ್ನು ಆಗ ಸರಿಯಾಗಿ ನೋಡಿದರು. ಒಂದು ಕೆನ್ನೆ ಬೆಳ್ಳಗೆ, ಒಂದು ಕೆನ್ನೆ ಕೆಂಡ. ಆಮೇಲೆ ಮಗಳ ಕೈ ನೋಡಿದರು.

ಅತ್ತೆ: ಇದೇನೇ ಇದು ಅಳಿಯಂದಿರ ಕೆನ್ನೆ? ನಿನ್ನ ಕೆಲಸನಾ?

ಹೆಂಡತಿ: ಒಂದು ಲೆಕ್ಕಕ್ಕೆ ನಂದೇ ಅಮ್ಮ. ತಿಂಗಳಿಂದ ನಡೀತಿತ್ತು. ನಾನು ಬಲಗಡೆ ಅಂದ್ಕೊಂಡಿದ್ದೆ, ಇವರು ನೋಡಿದ್ರೆ ಎಡಗಡೆ ಅಂತಾರೆ.

ಗಂಡ: ಅತ್ತೆ, ನೀವು ಅಂದ್ಕೊಂಡ ಹಾಗಲ್ಲ. ಇದು ನನ್ನದೇ ತೀರ್ಮಾನ.

ಅತ್ತೆ ಅಳಿಯನ ಮಾತನ್ನು ಕಿವಿಗೇ ಹಾಕಿಕೊಳ್ಳಲಿಲ್ಲ. ಮಗಳ ಹತ್ತಿರ ಹೋಗಿ, ಬಹಳ ದಿನಗಳ ಆಸೆ ಈಡೇರಿದವರಂತೆ ಅವಳ ಬೆನ್ನು ಸವರಿದರು.

ಅತ್ತೆ: ಬಲನೋ ಎಡನೋ, ಬಿಡೇ. ಇಷ್ಟು ವರ್ಷದ ಮೇಲೆ ಕೈ ಎತ್ತಿದೀಯ, ಒಂದೇ ಕೆನ್ನೆಗೆ ಯಾಕೆ ನಿಲ್ಲಿಸಿದೆ?