ಕೋಡೆಕ್ ಸಿಗಲಿಲ್ಲ, ಕೊಡೆ ಸಿಕ್ಕಿತು

ನನ್ನ ಕೈಗೆ ಬಂದ ಮೇಲೂ ಸರಿಯಾಗದ ಯಂತ್ರ ಈ ಮನೆಯಲ್ಲಿ ಇನ್ನೂ ಹುಟ್ಟಿಲ್ಲ ಎಂದು ಒಂದು ಶನಿವಾರ ಬೆಳಿಗ್ಗೆ ಘೋಷಿಸಿಬಿಟ್ಟೆ. ಮಿಕ್ಸಿಯನ್ನು ಬಿಚ್ಚಿ ಕಲಿತವಳು ನಾನು, ಕಂಪ್ಯೂಟರನ್ನು ಕೆಡಿಸಿ ಕಲಿತವಳು. ಅಂಥವಳಿಗೆ ಲ್ಯಾಪ್‌ಟಾಪಿನಲ್ಲಿ ಒಂದು ವಿಡಿಯೊ ಓಡಿಸುವುದು ಯಾವ ಮಹಾ!

ಅದು ಬರೀ ವಿಡಿಯೊ ಅಲ್ಲ, ಸಾಕ್ಷಿ. ನಮ್ಮ ಅತ್ತೆ ಮತ್ತು ಅವರ ತಂಗಿ, ಅಂದರೆ ಚಿಕ್ಕತ್ತೆ, ಮಾತು ಬಿಟ್ಟು ಮೂರು ತಿಂಗಳಾಗಿತ್ತು. ಜಗಳದ ಮೂಲ ನಾನೇ. "ಈ ಹುಡುಗೀನ ಮೊದಲು ಮೆಚ್ಚಿದ್ದು ನಾನು" ಎಂದು ಅತ್ತೆ. "ನಾನು ಮೆಚ್ಚಿದ ಮೇಲೇ ಅಕ್ಕ ಮೆಚ್ಚಿದ್ದು" ಎಂದು ಚಿಕ್ಕತ್ತೆ. ಸೊಸೆಯ ಸಲುವಾಗಿ ಇಬ್ಬರು ಹಿರಿಯರು ಹೀಗೆ ಕಾದಾಡುವ ಭಾಗ್ಯ ಎಷ್ಟು ಜನಕ್ಕುಂಟು! ಇಬ್ಬರ ದೂರನ್ನೂ ತಾಳ್ಮೆಯಿಂದ ಕೇಳಿಸಿಕೊಂಡೆ. ಒಳಗೊಳಗೇ ಹಿಗ್ಗಿದೆ ಕೂಡ; ದೇವರು ಕ್ಷಮಿಸಲಿ.

"ನಿಶ್ಚಿತಾರ್ಥದ ದಿನ ಕ್ಯಾಮೆರಾ ಎದುರಿಗೇ ಕೂತು ನಾನು ಹೇಳಿದ್ದೀನಿ, ವಿಡಿಯೊ ಹಾಕಿ ನೋಡಿ" ಎಂಬುದು ಇಬ್ಬರದೂ ಸವಾಲು. ಹಳೆಯ ಡಿಸ್ಕಿನಿಂದ ಅದನ್ನು ಲ್ಯಾಪ್‌ಟಾಪಿಗೆ ಇಳಿಸಿದ್ದೂ ಆಯಿತು. ನಾಲ್ಕು ಗಂಟೆಗೆ ಚಿಕ್ಕತ್ತೆ ಬರುವವರಿದ್ದರು. "ವಿಡಿಯೊ ನೋಡೋಕೆ ಬರ್ತೀನಿ, ಅಕ್ಕನ್ನ ನೋಡೋಕಲ್ಲ" ಎಂದು ಮೊದಲೇ ತಿಳಿಸಿದ್ದರು.

ದೇವರಿಗೆ ಕೈ ಮುಗಿದು ಫೈಲ್ ಒತ್ತಿದೆ. ಪರದೆ ಕಪ್ಪಗಾಗಿ ಒಂದು ಸಾಲು ಮೂಡಿತು.

"ಏನಂತೆ?" ಎಂದರು ಅತ್ತೆ ಅಡುಗೆಮನೆಯಿಂದ.

"ಕೋಡೆಕ್ ಸಿಗ್ತಿಲ್ವಂತೆ ಅತ್ತೆ!"

"ಕೊಡೆ ಸಿಗ್ತಿಲ್ವಾ? ಬಾಗಿಲ ಹಿಂದೆ ನೇತು ಹಾಕಿದ್ನಲ್ಲಮ್ಮ!"

ಹೊರಗೆ ರಣಬಿಸಿಲು. ಆದರೂ ಅತ್ತೆ ಬಾಗಿಲ ಹಿಂದೆ, ಬೀರುವಿನ ಮೇಲೆ, ಮಂಚದ ಕೆಳಗೆ ಹುಡುಕತೊಡಗಿದರು. ನಾನು ಬಿಡಿಸಿ ಹೇಳಿದೆ. "ವಿಡಿಯೊನ ಹಾಸಿಗೆ ಸುತ್ತಿದ ಹಾಗೆ ಸುತ್ತಿ ಇಟ್ಟಿರ್ತಾರೆ ಅತ್ತೆ. ಅದನ್ನ ಬಿಚ್ಚೋ ವಿದ್ಯೆಗೆ ಕೋಡೆಕ್ ಅಂತಾರೆ."

"ಅದಕ್ಕೆ ಕೊಡೆ ಯಾಕೆ?"

ನಾನು ಮತ್ತೆ ಲ್ಯಾಪ್‌ಟಾಪಿನ ಕಡೆ ತಿರುಗಿದೆ. ಅಂತರ್ಜಾಲದಲ್ಲಿ ಸಕಲ ಕೋಡೆಕ್‌ಗಳೂ ಇರುವ ಒಂದು ಮೂಟೆ ಸಿಕ್ಕಿತು. ಅದು ಏನೇನೋ ಕೇಳಿತು. ಕೇಳಿದ್ದಕ್ಕೆಲ್ಲ ಹೌದು ಎನ್ನುವುದು ನನ್ನ ಸ್ವಭಾವ. ಹೌದು, ಹೌದು, ಹೌದು! ಮೂಟೆ ಬಿಚ್ಚಿಕೊಂಡಿತು. ಲ್ಯಾಪ್‌ಟಾಪಿನೊಳಗೆ ಮೂರು ಹೊಸ ಪ್ಲೇಯರ್‌ಗಳು ಸಂಸಾರ ಹೂಡಿದವು. ಮನೆಯವರ ಕಚೇರಿ ಕಾಗದ ತೆರೆಯಲು ಹೋದರೂ ಪ್ಲೇಯರೇ ಓಡಿ ಬಂದು "ಈ ವಿಡಿಯೊ ಕೆಟ್ಟಿದೆ" ಎಂದಿತು. ನಿಶ್ಚಿತಾರ್ಥವೇನೋ ಸದ್ದಿಲ್ಲದೆ ಕಾಣಿಸಿತು. ಆದರೆ ಅದರಲ್ಲಿ ನಾನು ನಖಶಿಖಾಂತ ಹಸಿರು!

"ಹುಡುಗಿಗೆ ಅವತ್ತು ಹುಷಾರಿರ್ಲಿಲ್ವೇನೋ" ಎಂದರು ಅತ್ತೆ ಮರುಕದಿಂದ.

ಅಷ್ಟರಲ್ಲಿ ನಮ್ಮ ಮನೆಯವರು ಕಚೇರಿಯಿಂದ ಬಂದರು, ಕೈಯಲ್ಲೊಂದು ಹೊಚ್ಚ ಹೊಸ ಕೊಡೆ! "ಅಮ್ಮ ಫೋನ್ ಮಾಡಿದ್ರು. ಕೊಡೆ ಇಲ್ದೆ ನಿನ್ನ ಕೆಲಸ ನಿಂತಿದ್ಯಂತೆ?"

"ನಾನು ಕೇಳಿದ್ದು ಕೋಡೆಕ್ ರೀ!"

"ಕೊಡೆ ಅನ್ನೋದನ್ನ ಯಾಕೆ ಇಷ್ಟು ಒತ್ತಿ ಹೇಳ್ತೀಯ?"

ಮೂಟೆಯಲ್ಲಿದ್ದುದನ್ನೆಲ್ಲ ಒಂದೊಂದಾಗಿ ಕಿತ್ತು ಹಾಕಿದೆ. ಫೈಲಿನ ವಿವರ ತೆರೆದು, ಅದಕ್ಕೆ ಬೇಕಾದ ಕೋಡೆಕ್‌ಗಳ ಹೆಸರನ್ನು ಹಾಳೆಯಲ್ಲಿ ಬರೆದುಕೊಂಡೆ. ಮೊದಲು ಮಾಡಬೇಕಾದ ಕೆಲಸ ಅದೇ ಆಗಿತ್ತು! ಚಿತ್ರದ್ದನ್ನು ಹಾಕಿದೆ, ಬಣ್ಣ ಸರಿಹೋಯಿತು. ಧ್ವನಿಯದು ಇನ್ನೂ ಇಳಿಯುತ್ತಿರುವಾಗಲೇ ಚಿಕ್ಕತ್ತೆ ಬಂದು ಸೋಫಾದ ಆ ತುದಿಯಲ್ಲಿ ಕುಳಿತರು. ಈ ತುದಿಯಲ್ಲಿ ಅತ್ತೆ. ಪರದೆಯ ಮೂಲೆಯಲ್ಲಿ ಅದೇ ಅಕ್ಕತಂಗಿಯರು ಸದ್ದಿಲ್ಲದೆ ಏನೋ ಮಾತಾಡುತ್ತಿದ್ದರು.

"ನೋಡೇ, ಮೊದಲು ಬಾಯಿ ತೆಗೆದಿದ್ದು ನಾನು!" ಎಂದರು ಅತ್ತೆ, ಮೂರು ತಿಂಗಳ ಮೌನ ಮುರಿದು.

"ಅದು ಆಕಳಿಕೆ ಅಕ್ಕ."

ಆ ಕ್ಷಣಕ್ಕೆ ಸರಿಯಾಗಿ ಧ್ವನಿಯ ಕೋಡೆಕ್ ಬಂದು ಕೂತಿತು. ನಾನು ವಿಡಿಯೊವನ್ನು ಹಿಂದಕ್ಕೆ ಸರಿಸಿ ಸದ್ದು ಏರಿಸಿದೆ. ನನ್ನನ್ನು ಹೊಗಳುವ ಮಾತಲ್ಲವೇ, ಅಕ್ಕಪಕ್ಕದ ಮನೆಯವರೂ ಕೇಳಲಿ!

"ಹುಡುಗಿ ಬಾಯೇ ಬಿಡಲ್ವಲ್ಲೇ" ಎಂದಿತು ಅತ್ತೆಯ ಹಳೆಯ ದನಿ. "ನಂಗೆ ಅಷ್ಟೇನೂ ಹಿಡಿಸ್ಲಿಲ್ಲ. ನೀನು ಮೆಚ್ಚಿದೀಯ ಅಂತ ಸುಮ್ನಿದ್ದೀನಿ."

"ಅಯ್ಯೋ ಅಕ್ಕ! ನೀನು ಮೆಚ್ಚಿದೀಯ ಅಂತ ನಾನು ಸುಮ್ನಿರೋದು!"

"ಇನ್ನೇನ್ ಮಾಡೋದು, ಉಂಗುರ ಹಾಕಾಯ್ತಲ್ಲ..."

ಮೊದಲು ಚಿಕ್ಕತ್ತೆಯ ಭುಜ ಕುಲುಕಿತು, ಆಮೇಲೆ ಅತ್ತೆಯದು. ಸೋಫಾದ ಎರಡು ತುದಿಗಳಿಂದ ಜರುಗುತ್ತಾ ಬಂದು, ನಡುವೆ ಒಬ್ಬರನ್ನೊಬ್ಬರು ಹಿಡಿದುಕೊಂಡು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅಕ್ಕತಂಗಿ ಒಂದಾದರು. ದೇವರು ದೊಡ್ಡವನು!

ನಾನು ಕೊನೆಯ ಆಸೆಯಿಂದ ಮನೆಯವರ ಕಡೆ ತಿರುಗಿದೆ. "ಹಾಗಾದ್ರೆ ನನ್ನ ಮೆಚ್ಚಿದ್ದು ನೀವೇ ಅಲ್ವಾ?"

ಅವರು ಮೆಲ್ಲಗೆ ಕೈ ಚಾಚಿ ಲ್ಯಾಪ್‌ಟಾಪಿನ ಸದ್ದು ಪೂರ್ತಿ ಇಳಿಸಿದರು. "ಸಾಕು ಬಿಡು. ಮುಂದೆ ನಾನು ಮಾತಾಡೋದು ಬರುತ್ತೆ."