ಗ್ಯಾರೇಜಿಗೆ ಬಿದ್ದ ಸೀಲು

ಬಸವೇಶ್ವರನಗರದಲ್ಲಿ ಸ್ವಂತ ಮನೆ ಇರುವವನು ನಗಲು ಸಿನಿಮಾಕ್ಕೆ ಹೋಗಬೇಕಿಲ್ಲ. ಮನೆಯ ನಿಜವಾದ ಯಜಮಾನರು ಆಗಾಗ ಹೊರಗಿನಿಂದ ಬರುತ್ತಲೇ ಇರುತ್ತಾರೆ.

ಇಡ್ಲಿ ಯಾರದು

ಪಾಠ ಮಾಡುತ್ತಿದ್ದ ಶಾಲೆ ಮುಚ್ಚಿದ ಮೇಲೆ ನನ್ನ ಹೆಂಡತಿ ನಮ್ಮ ಗ್ಯಾರೇಜಿನಲ್ಲಿ ಬೆಳಿಗ್ಗೆ ಹೊತ್ತು ಇಡ್ಲಿ ಮಾರತೊಡಗಿದಳು. ಮಗಳ ಕಾಲೇಜು ನಡೆಯುವುದು ಅದರಿಂದಲೇ. ನಮ್ಮ ರಸ್ತೆಗೆ ಇದ್ದದ್ದು ಒಂದೇ ಹೋಟೆಲು. ಅದರ ಮಾಲೀಕರು ಹಿಂದಿನ ವಾರವಷ್ಟೇ, ಮಾಲ್‌ಗಳು ಸಣ್ಣವರನ್ನು ಬದುಕಲು ಬಿಡುತ್ತಿಲ್ಲ ಎಂದು ವೇದಿಕೆಯ ಮೇಲೆ ಗುಡುಗಿದ್ದರು. ಈಗ ನಮ್ಮ ಗೇಟಿಗೆ ಬಂದರು.

"ನೋಡಿ ಸಾರ್, ಈ ರೋಡಲ್ಲಿ ಇಡ್ಲಿ ಅಂದ್ರೆ ನಾವು. ನೀವು ಬೇಕಾದ್ರೆ ಚಪಾತಿ ಮಾಡ್ಕೊಳಿ."

ಚಪಾತಿಗೆ ಅನುಮತಿ ಕೊಟ್ಟ ಔದಾರ್ಯಕ್ಕೆ ಹೆಂಡತಿ ಒಂದು ಪ್ಲೇಟ್ ಇಡ್ಲಿ ಕೊಟ್ಟಳು. ಪೂರ್ತಿ ತಿಂದು, ಚಟ್ನಿ ಹೊಗಳಿ, ಮರುದಿನ ದೂರು ಕೊಟ್ಟರು.

ಅಪರಾಧ ಎಲ್ಲಿಂದ

ದೂರಿನ ಹಿಂದೆಯೇ ಪಾಲಿಕೆಯಿಂದ ನೋಟಿಸು ಬಂತು: ವಾಸದ ಮನೆಯಲ್ಲಿ ವ್ಯಾಪಾರ. ಕಚೇರಿಗೆ ಹೋಗಿ ಇನ್ಸ್‌ಪೆಕ್ಟರನ್ನು ಕೇಳಿದೆ. ಮನೆಯಲ್ಲಿ ಇಡ್ಲಿ ಮಾಡಬಹುದೇ? ಧಾರಾಳವಾಗಿ ಎಂದರು. ಇನ್ನೂರು ಜನರಿಗೆ ಪುಕ್ಕಟೆ ಹಂಚಬಹುದೇ? ಅದು ಪುಣ್ಯದ ಕೆಲಸವಂತೆ. ತಿಂದವರು ಇಷ್ಟಪಟ್ಟು ದುಡ್ಡು ಕೊಟ್ಟರೆ?

"ಅಲ್ಲಿಂದ ನಮ್ಮ ಕೆಲಸ ಶುರು ಸಾರ್."

ಸೀಲು

ನಾವು ನಿಲ್ಲಿಸಲಿಲ್ಲ. ಗ್ಯಾರೇಜು ನನ್ನದು, ಬೆವರು ಅವಳದು, ಹೊಟ್ಟೆ ತಿನ್ನುವವರದು. ಇಲ್ಲಿ ನಾಲ್ಕನೆಯವರಿಗೆ ಏನು ಕೆಲಸ ಎಂದು ಬರೆದು ಕಳಿಸಿದೆ. ಅದಕ್ಕೆ ಇನ್ಸ್‌ಪೆಕ್ಟರು ಇಬ್ಬರು ಸಿಬ್ಬಂದಿಯೊಂದಿಗೆ ಖುದ್ದಾಗಿ ಬಂದರು. ರಸ್ತೆಯಲ್ಲಿ ನೋ ಪಾರ್ಕಿಂಗ್ ಬೋರ್ಡಿತ್ತು. ತಮ್ಮ ಸ್ಕೂಟರನ್ನು ನೇರ ನಮ್ಮ ಗ್ಯಾರೇಜಿನೊಳಗೆ ನಿಲ್ಲಿಸಿ, ಹೊರಗೆ ಕುರ್ಚಿ ಹಾಕಿಸಿಕೊಂಡು ಮಹಜರು ಬರೆಯತೊಡಗಿದರು. ಅಷ್ಟರಲ್ಲಿ ಸಿಬ್ಬಂದಿ ಶಟರ್ ಎಳೆದು, ಬೀಗ ಜಡಿದು, ಅರಗಿನ ಮುದ್ರೆ ಒತ್ತಿದರು. ನಾನು ನೋಡುತ್ತಲೇ ಇದ್ದೆ. ಬಾಯಿ ಬಿಡಲಿಲ್ಲ, ಸರ್ಕಾರಿ ಕೆಲಸಕ್ಕೆ ಅಡ್ಡಿಪಡಿಸುವುದು ಅಪರಾಧ.

ಹೊರಡುವಾಗ ಇನ್ಸ್‌ಪೆಕ್ಟರು ಜೇಬಿನಿಂದ ಗಾಡಿ ಕೀ ತೆಗೆದು ಸುತ್ತ ನೋಡಿದರು. ಆಮೇಲೆ ಶಟರ್ ನೋಡಿದರು. ಒಂದು ನಿಮಿಷ ತೆಗೀರಿ ಎಂದು ಸಿಬ್ಬಂದಿಗೆ ಹೇಳಿದರು. ಮೇಲಧಿಕಾರಿಯ ಆದೇಶವಿಲ್ಲದೆ ಸೀಲು ಮುರಿದವರ ಮೇಲೆ ಕ್ರಿಮಿನಲ್ ಕೇಸು ಎಂಬ ಸಾಲನ್ನು ಅವರದೇ ಮಹಜರಿನಿಂದ ನಾನು ನಿಧಾನವಾಗಿ ಓದಿದೆ. ಹೆಂಡತಿ ಫೋನ್ ತೆಗೆದು ವಿಡಿಯೊ ಶುರುಮಾಡಿದಳು.

ಅವರಿಗೆ ರೇಗಿತು. "ನನ್ನ ಗಾಡಿ ಸಾರ್ ಅದು. ನನ್ನ ದುಡ್ಡಲ್ಲಿ ತಗೊಂಡಿದ್ದು. ನಂದನ್ನ ನಾನು ಉಪಯೋಗಿಸೋಕೆ ಯಾರನ್ನ ಕೇಳ್ಬೇಕು?"

"ಇದನ್ನೇ ಒಂದು ಹಾಳೇಲಿ ಬರ್ಕೊಡಿ ಸಾರ್," ಎಂದಳು ಹೆಂಡತಿ. "ಕೆಳಗೆ ನಾವು ಸೈನ್ ಮಾಡ್ತೀವಿ."