ಹಾಯಿಯ ಮೇಲೆ ಹರಿಣಾಕ್ಷಿ

ಹಾಯಿದೋಣಿಯ ಹಿಂದು ಯಾವುದು, ಮುಂದು ಯಾವುದು ಎಂದು ಇನ್ನೂ ನೆಟ್ಟಗೆ ತಿಳಿಯದ ನಾನು ಇಂಥದ್ದೊಂದು ಕತೆ ಹೇಳಹೊರಟಿದ್ದಕ್ಕೆ ಮೊದಲೇ ಕ್ಷಮೆ ಕೇಳಿಬಿಡುತ್ತೇನೆ. ತಿಳಿದವರು ತಪ್ಪು ಹಿಡಿದರೆ ಒಪ್ಪಿಕೊಳ್ಳುವೆ. ಜಿತೇಂದ್ರ ಮಾಷ್ಟ್ರಿಗೂ ತಿಳಿದಿರಲಿಲ್ಲ ಎಂಬುದೊಂದೇ ನನ್ನ ಧೈರ್ಯ.

ಪಂಚಾಯತ್ ಚುನಾವಣೆಯ ಡ್ಯೂಟಿ ಆರ್ಡರ್ ಬಂದಾಗ ಬಂದ್ಯೋಡಿನ ಆಸುಪಾಸಿನ ಶಾಲೆಗಳಲ್ಲೆಲ್ಲ ಮಾಷ್ಟ್ರು, ಟೀಚರುಗಳಿಗೆ ಒಮ್ಮೆಲೇ ಸೊಂಟನೋವು, ತಲೆಸುತ್ತು, ಅತ್ತೆಯ ಆಪರೇಶನ್ ಶುರುವಾದವು. ಆರ್ಡರನ್ನು ಕಣ್ಣಿಗೊತ್ತಿಕೊಂಡು ದೇವರ ಪಟದ ಮುಂದೆ ಇಟ್ಟವನು ಜಿತೇಂದ್ರ ಒಬ್ಬನೇ. ಕಾರಣ ದೇಶಭಕ್ತಿಯಲ್ಲ, ಹೆಂಡತಿ.

ಶ್ರೀರಂಜಿನಿ ಮಂಗಳೂರಿನಲ್ಲಿ ಕಾಲೇಜಿಗೆ ಹೋಗುವಾಗ ಎನ್‌ಸಿಸಿಯ ನೇವಲ್ ವಿಭಾಗದಲ್ಲಿ ಹಾಯಿದೋಣಿ ನಡೆಸಲು ಕಲಿತವಳು. ಈಗ ಸಹಕಾರಿ ಸಂಘದ ಕೌಂಟರಿನಲ್ಲಿ ಕುಳಿತರೂ ಅವಳ ಮನಸ್ಸು ಗಾಳಿಯಲ್ಲೇ. ಬಸ್ಸಿಗೆ ಕಾಯುವಾಗ ಬೆರಳು ಒದ್ದೆ ಮಾಡಿ ಎತ್ತಿ ಹಿಡಿದು ಗಾಳಿಯ ದಿಕ್ಕು ನೋಡುತ್ತಾಳೆ. ಒಣಹಾಕಿದ ಬೆಡ್‌ಶೀಟು ಉಬ್ಬಿದರೆ ಒಲೆಯ ಮೇಲಿನ ಸಾರು ಮರೆತು ಅಂಗಳಕ್ಕೆ ಬಂದು ನಿಲ್ಲುತ್ತಾಳೆ. ಮಳೆಗಾಲ ಮುಗಿದದ್ದೇ ತಡ, ಮುಚ್ಚಿಹೋದ ರಿಸಾರ್ಟೊಂದರಿಂದ ಸಣ್ಣ ಫೈಬರ್ ಹಾಯಿದೋಣಿ ತಂದು ಶಿರಿಯಾ ಹೊಳೆಗೆ ಇಳಿಸಿದಳು. ಅಂದಿನಿಂದ ಭಾನುವಾರ ಹತ್ತಿರ ಬಂದರೆ ಜಿತೇಂದ್ರ ಶಾಲೆಯಲ್ಲಿ ಸ್ಪೆಷಲ್ ಕ್ಲಾಸ್ ಇಡುವ ನೆಪ ಹುಡುಕುತ್ತಿದ್ದ. ಚುಕ್ಕಾಣಿಯನ್ನು ಎಡಕ್ಕೆ ದೂಡಿದರೆ ದೋಣಿ ಬಲಕ್ಕೆ ಹೋಗುತ್ತದೆ ಎಂಬುದು ಗಣಿತದ ಮಾಷ್ಟ್ರಾದ ಅವನ ತಲೆಗೆ ಹೋಗಿತ್ತು. ಕೈಗೆ ಮಾತ್ರ ಹೋಗಿರಲಿಲ್ಲ.

ಮತದಾನದ ರಜೆಗೆ ಅಳಿವೆ ದಾಟಿ ಸಮುದ್ರಕ್ಕೆ ಹೋಗೋಣ ಎಂದು ಅವಳು ತೀರ್ಮಾನಿಸಿದ್ದಳು. ಹೊಳೆ ಕಡಲಿಗೆ ಸೇರುವ ಆ ಜಾಗದಲ್ಲಿ ತೆರೆಗಳು ಆಳೆತ್ತರ ಏಳುವುದನ್ನು ಜಿತೇಂದ್ರ ದಡದಲ್ಲಿ ತೆಂಗಿನಮರ ಅಪ್ಪಿಕೊಂಡು ನೋಡಿದ್ದ. ಅಷ್ಟರಲ್ಲಿ ಡ್ಯೂಟಿ ಬಂತು. ಹಿಂದಿನ ದಿನವೇ ಮತಯಂತ್ರ ತರಲು ಹೋದರೆ ಮತದಾನ ಮುಗಿದು ಎಲ್ಲ ಒಪ್ಪಿಸುವ ತನಕ ಬೂತಿನಲ್ಲೇ ವಾಸ. ಸಮುದ್ರ ಅಲ್ಲಿಗೆ ಬರುವಂತಿಲ್ಲ.

ಆ ಹಿಂದಿನ ದಿನದ ಬೆಳಿಗ್ಗೆ ಅವನು ಬ್ಯಾಗು ತುಂಬಿಸಿ ಹಾಡು ಗುನುಗುತ್ತಿದ್ದಾಗ ಶ್ರೀರಂಜಿನಿ ಹೇಳಿದಳು, "ಹತ್ತು ಗಂಟೆಗೆ ಅಲ್ವಾ ನಿಮ್ಗೆ ಹೋಗ್ಲಿಕ್ಕೆ? ಅದಕ್ಕಿಂತ ಮೊದ್ಲು ಒಂದು ರೌಂಡ್ ಒಬ್ರೇ ಬಿಡಿ. ನಾನು ದಡದಲ್ಲಿ ನಿಂತು ಹೇಳ್ತೇನೆ. ಎರಡು ದಿನ ಬಿಟ್ರೆ ಕಲಿತದ್ದೆಲ್ಲ ಮರ್ತು ಹೋಗ್ತದೆ."

"ಹಾಯಿಯನ್ನು ಇಲಿ ಕಡಿದಿದೆ ಅಂತ ಹೇಳಿದ್ದೆ ನೀನು." ಅವನ ದನಿಯಲ್ಲಿ ಆಸೆಯಿತ್ತು.

"ತೇಪೆ ಹಾಕಿ ಆಯ್ತು."

ತೇಪೆ ಎಂದರೆ ಹಾಯಿಯ ಮುಕ್ಕಾಲು ಪಾಲು. ಹೊಳೆದಡದಲ್ಲಿ ಅದನ್ನು ಏರಿಸಿದಾಗ ಒಂದು ಮಗ್ಗುಲಿನಿಂದ ಹರಿಣಾಕ್ಷಿ ಕೈಮುಗಿದು ನಕ್ಕಳು. ಆ ವಾರ್ಡಿನ ಅಭ್ಯರ್ಥಿ, ಚಿಹ್ನೆ ಕೊಡೆ. ಫ್ಲೆಕ್ಸ್ ಹಾಕುವಂತಿಲ್ಲವೆಂದು ಈಗ ಗಟ್ಟಿ ಬಟ್ಟೆಯ ಬ್ಯಾನರು ಬಂದಿದೆಯಲ್ಲ? ಹಿಂದಿನ ಸಂಜೆ ಚೆಂಡೆ ಬಡಿದು, ಕುಣಿದು, ಕೊಟ್ಟಿಕ್ಕಲಾಶವೆಂಬ ಕೊನೆಯ ಗದ್ದಲ ಮಾಡಿ ಪ್ರಚಾರ ಮುಗಿಸಿದ ಮೇಲೆ ಮಿಕ್ಕ ಬ್ಯಾನರುಗಳು ಕೋಳಿಗೂಡಿಗೂ ಸೌದೆರಾಶಿಗೂ ಹೋಗಿದ್ದವು. ಒಂದು ಶ್ರೀರಂಜಿನಿಯ ಹೊಲಿಗೆ ಮಿಷನ್ನಿಗೆ ಬಂದಿತ್ತು.

"ರಂಜಿನಿ! ಇವತ್ತು ಪ್ರಚಾರ ಮಾಡ್ಲಿಕ್ಕಿಲ್ಲ. ನಾನು ಪೋಲಿಂಗ್ ಆಫೀಸರ್! ಡ್ಯೂಟಿ ಹೋಗ್ತದೆ!"

"ನೀವೆಲ್ಲಿ ಪ್ರಚಾರ ಮಾಡ್ತೀರಿ ಮಾರಾಯ್ರೆ? ನೋಡಿ, ಮುಖ ಆಚೆ ಉಂಟು. ಆಚೆ ಇರುವುದು ಮರಳಿನ ದಿಣ್ಣೆ, ಬೆಳ್ಳಕ್ಕಿ. ಬೆಳ್ಳಕ್ಕಿಗೆ ವೋಟಿಲ್ಲ. ದಿಣ್ಣೆ ಮುಟ್ಟಿದ ಕೂಡ್ಲೆ ಹಾಯಿ ಇಳಿಸಿ, ಹುಟ್ಟು ಹಾಕಿಕೊಂಡು ಬನ್ನಿ. ಅಷ್ಟೇ."

ಹಾಯಿ ಏರಿಸಿದ ಹಗ್ಗವನ್ನು ಜಿತೇಂದ್ರನೇ ದೋಣಿಯ ಹಾಯಿಕಂಬಕ್ಕೆ ಕಟ್ಟಿದ. ಜಾರಬಾರದಲ್ಲ? ಚುನಾವಣಾ ತರಬೇತಿಯಲ್ಲಿ ಮತಯಂತ್ರದ ಪೆಟ್ಟಿಗೆಗೆ ದಾರ ಕಟ್ಟಿ ಸೀಲು ಮಾಡಲು ಕಲಿಸಿದ ಗಂಟನ್ನು ಮುತುವರ್ಜಿಯಿಂದ ಹಾಕಿದ. ಆ ಗಂಟಿನ ಗುಣವೆಂದರೆ ಕೊಯ್ಯದೆ ಬಿಚ್ಚುವಂತಿಲ್ಲ.

ಇದು ಅವನಿಗೆ ನೆನಪಾದದ್ದು ದಿಣ್ಣೆಯ ಹತ್ತಿರ. ಉಗುರು ಹಾಕಿದ, ಹಲ್ಲು ಹಾಕಿದ. ಗಂಟು ಇನ್ನಷ್ಟು ಬಿಗಿಯಿತು. ಮೂಡಣ ಗಾಳಿ ಮೆಲ್ಲಗೆ ದೋಣಿಯನ್ನು ಅಳಿವೆಯ ಕಡೆಗೆ ಒಯ್ಯತೊಡಗಿತು. ಅವನು ಹೆದರಿ ಚುಕ್ಕಾಣಿ ದೂಡಿದ. ಹಾಯಿಯ ಅಡಿಯ ಅಡ್ಡಕೋಲು ಸುಂಯ್ಯೆಂದು ತಲೆಯ ಮೇಲೆ ಹಾದುಹೋಯಿತು. ದೋಣಿ ಎಮ್ಮೆ ಮಗ್ಗುಲು ಬದಲಿಸುವ ಹಾಗೆ ತಿರುಗಿತು. ಬೆಳ್ಳಕ್ಕಿಗಳಿಗೆ ಬಿಳಿ ಬಟ್ಟೆ, ಊರಿಗೆ ಹರಿಣಾಕ್ಷಿ.

ಮೊದಲು ಕಂಡವರು ಸೊಂಟದುದ್ದ ನೀರಿನಲ್ಲಿ ಮರುವಾಯಿ ಚಿಪ್ಪು ಹೆಕ್ಕುತ್ತಿದ್ದ ಕುಂಞಾಮಿನುಮ್ಮ. "ಮಾಷ್ಟ್ರೆ! ನೀವು ಕೊಡೆಯಾ? ಮಾಷ್ಟ್ರು ಯಾವ ಪಾರ್ಟಿಗೂ ಇಲ್ಲ, ಪಾಪದವರು ಅಂತ ನಾನು ಮೊನ್ನೆಯೂ ಹೇಳಿದೆ!"

"ನಾನು ಎಂತದೂ ಅಲ್ಲ ಕುಂಞಾಮಿನುಮ್ಮ! ಒಂದು ಕತ್ತಿ ಕೊಡಿ, ಬೇಗ!"

"ಯಾ ಅಲ್ಲಾ! ವೋಟಿಗೆ ಕತ್ತಿ ಕೇಳ್ತಾರೆ ಮಾಷ್ಟ್ರು!" ಎಂದು ಕೂಗಿದ ಕುಂಞಾಮಿನುಮ್ಮ ಬುಟ್ಟಿಯನ್ನು ನೀರಿಗೆ ಬಿಟ್ಟು ದಡ ಹತ್ತಿ ಓಡಿದರು. ಆ ಸುದ್ದಿ ಅವರಿಗಿಂತ ಮೊದಲು ರೇಷನ್ ಅಂಗಡಿ ತಲುಪಿತು. ಅಕ್ಕಿಗೆ ನಿಂತಿದ್ದ ಕ್ಯೂ ಇಡಿಯಾಗಿ ಹೊಳೆದಡಕ್ಕೆ ಬಂತು.

ಎದುರು ಅಭ್ಯರ್ಥಿಯ ಏಜೆಂಟ್ ಸುಧೀರ್ ಎಲ್ಲರಿಗಿಂತ ಮುಂದೆ ನಿಂತು ಫೋನು ಎತ್ತಿ ಹಿಡಿದಿದ್ದ. "ಭಾರೀ ಉಂಟು ಮಾಷ್ಟ್ರೆ! ಇವತ್ತು ನಿಶ್ಶಬ್ದ ಪ್ರಚಾರ ಮಾತ್ರ ಅಂತ ಕಲೆಕ್ಟರ್ ಹೇಳಿದ್ದು. ನಿಮ್ಮಷ್ಟು ನಿಶ್ಶಬ್ದ ಯಾರೂ ಮಾಡ್ಲಿಲ್ಲ. ಇಂಜಿನ್ ಕೂಡ ಇಲ್ಲ!"

"ಇದು ತೇಪೆ, ಸುಧೀರ್! ಬರೀ ತೇಪೆ!"

"ಹೌದು ಹೌದು. ನಮ್ಮವರದ್ದು ಒಂದು ತೇಪೆ ತರ್ತೇನೆ, ಆ ಬದಿಗೆ ಹಾಕ್ತೀರಾ?"

ಅಷ್ಟರಲ್ಲಿ ಹರಿಣಾಕ್ಷಿಯೇ ಓಡಿಬಂದಳು. ಹಾಯಿಯ ಮೇಲೆ ನಗುತ್ತಿದ್ದ ಮುಖ ದಡದ ಮೇಲೆ ಅಳುತ್ತಿತ್ತು. "ಮಾಷ್ಟ್ರೆ, ನನ್ನನ್ನು ಇಳಿಸಿ! ಕೇಸಾಗ್ತದೆ! ನಿಮ್ಮ ಕಾಲಿಗೆ ಬೀಳ್ತೇನೆ, ಇಳಿಸಿ!"

"ನೀವು ಇಳಿಯುವುದಿಲ್ಲ ಅಕ್ಕಾ! ಗಂಟು ಬಿದ್ದಿದೆ!"

"ಮೋರೆಯಾದ್ರೂ ಆಚೆ ತಿರುಗಿಸಿ!"

ಜಿತೇಂದ್ರ ಮನಸ್ಸಿಟ್ಟು ಪ್ರಯತ್ನಿಸಿದ. ಹರಿಣಾಕ್ಷಿ ಮರೆಯಾಗಿ ಬಿಳಿ ಬಟ್ಟೆ ಬಂತು. ದಡದ ಹರಿಣಾಕ್ಷಿ ನಿಟ್ಟುಸಿರು ಬಿಟ್ಟಳು. ದೋಣಿ ಮಾತ್ರ ನಿಲ್ಲದೆ ಪೂರ್ತಿ ಒಂದು ಸುತ್ತು ತಿರುಗಿ, ಚಿನ್ನದಂಗಡಿಯ ಮುಂದಿನ ತಿರುಗುವ ಫಲಕದ ಹಾಗೆ, ಅವಳನ್ನೇ ಮತ್ತೆ ತೋರಿಸಿತು. ಕ್ಯೂವಿನಲ್ಲಿದ್ದ ಕೆಲವರು ಚಪ್ಪಾಳೆ ತಟ್ಟಿದರು.

"ಎದುರು ದಿಕ್ಕಿಗೆ ದೂಡಿ! ಎದುರು ದಿಕ್ಕು!" ಶ್ರೀರಂಜಿನಿ ಫೋನು ಹಿಡಿದ ಕೈ ಬೀಸಿಕೊಂಡು ದಡದುದ್ದಕ್ಕೂ ಓಡುತ್ತಾ ಕೂಗುತ್ತಿದ್ದಳು. "ಬೆನ್ನು ನೆಟ್ಟಗೆ! ಗಾಳಿ ನೋಡಿ, ಜನ ನೋಡ್ಬೇಡಿ! ಹಾಂ... ಹಾಂ... ಆಹಾ, ಎಷ್ಟು ಚಂದ ಹೋಗ್ತಾ ಉಂಟು!"

ಚಂದ ಹೋಗುತ್ತಿದ್ದ ದೋಣಿ ಕೊನೆಗೆ ಕೆಸರಿನಲ್ಲಿ ಹೂತು ನಿಂತಿತು. ನಿಂತದ್ದಾದರೂ ಎಲ್ಲಿ? ಮರುದಿನ ಮತದಾನ ನಡೆಯಬೇಕಾದ ಶಾಲೆಯ ಹಿತ್ತಿಲಲ್ಲಿ. ಕಂಪೌಂಡಿನ ಗೋಡೆಯ ಮೇಲಿಂದ ಹರಿಣಾಕ್ಷಿ ಕೈಮುಗಿದುಕೊಂಡು ಬೂತಿನೊಳಕ್ಕೇ ಇಣುಕುತ್ತಿದ್ದಳು.

ನಿಯಮ ಮೀರಿದ ಬ್ಯಾನರು ಹಿಡಿಯುವ ಚುನಾವಣಾ ಸ್ಕ್ವಾಡಿನ ಜೀಪು ಆಗಲೇ ಬಂದು ನಿಂತಿತ್ತು. ಅದರಿಂದ ಇಳಿದ ಅಧಿಕಾರಿ ಸೌಮ್ಯಶ್ರೀ, ಸೀರೆಯ ನೆರಿಗೆ ಎತ್ತಿ ಸಿಕ್ಕಿಸಿ ಕೆಸರಿಗಿಳಿದು, ಡ್ರೈವರನ ಕೈಯಿಂದ ಕತ್ತಿ ತೆಗೆದುಕೊಂಡಳು. ಹಗ್ಗ ಕೊಯ್ಯುವ ಮೊದಲು ಗಂಟನ್ನು ತಿರುಗಿಸಿ ನೋಡಿದಳು.

"ಇದು ಮತಯಂತ್ರದ ಪೆಟ್ಟಿಗೆಗೆ ಹಾಕುವ ಗಂಟಲ್ವಾ? ಇಷ್ಟು ಸರಿಯಾಗಿ ಯಾರೂ ಹಾಕುವುದಿಲ್ಲ. ಯಾರು ಹಾಕಿದ್ದು?"

ಬೆಳಗಿನಿಂದ ಯಾರೂ ಒಂದು ಒಳ್ಳೆಯ ಮಾತು ಆಡಿರಲಿಲ್ಲ. ಜಿತೇಂದ್ರ ಮೈಮರೆತ. "ನಾನೇ ಮೇಡಂ. ಪೋಲಿಂಗ್ ಆಫೀಸರ್."

ಸುಧೀರನ ಫೋನು ಇನ್ನಷ್ಟು ಹತ್ತಿರ ಬಂತು. ಸೌಮ್ಯಶ್ರೀ ದೂರ ಹೋಗಿ ಯಾರೊಡನೆಯೋ ಮಾತಾಡಿ ಬಂದಳು. "ಹಾಯಿ ಜಪ್ತಿ. ಬೇಕಂತಲೇ ಮಾಡಿದ್ದಲ್ಲ ಅಂತ ಕಾಣ್ತದೆ, ಕೇಸ್ ಬೇಡ. ಆದ್ರೆ ಡ್ಯೂಟಿಗೆ ನೀವು ಆಗುವುದಿಲ್ಲ. ನಿಮ್ಮ ಜಾಗಕ್ಕೆ ರಿಸರ್ವಿನಿಂದ ಕಳಿಸ್ತಾರೆ. ಮನೆಗೆ ಹೋಗಿ."

ಜಿತೇಂದ್ರ ಕೆಸರಿನಲ್ಲೇ ಮುಂದೆ ಬಂದ. "ಮೇಡಂ, ಹಾಗೆ ಮಾಡ್ಬೇಡಿ. ಬೇಕಾದ್ರೆ ಸಸ್ಪೆಂಡ್ ಮಾಡಿ. ಆದ್ರೆ ಡ್ಯೂಟಿ ಮುಗಿದ ಮೇಲೆ ಮಾಡಿ! ನಾಳೆ ಒಂದು ದಿನ ನನ್ನನ್ನು ಎಲ್ಲಿಯಾದ್ರೂ ಒಳಗೆ ಇಡಿ ಮೇಡಂ!"

"ಡ್ಯೂಟಿ ಬೇಡ ಅಂತ ಅಳುವವರನ್ನು ದಿನಾ ನೋಡ್ತೇನೆ. ಬೇಕು ಅಂತ ಅಳುವವರು ನೀವೇ ಮೊದಲು," ಎಂದಳು ಸೌಮ್ಯಶ್ರೀ.

ಅವಳ ಜನ ಹಾಯಿ ಬಿಚ್ಚಿ ಮಡಚತೊಡಗಿದರು. ಆಗ ಜಿತೇಂದ್ರನ ತಲೆಯಲ್ಲಿ ಲೆಕ್ಕವೊಂದು ಮೆಲ್ಲಗೆ ಬಿಡಿಸಿಕೊಂಡಿತು. ಹಾಯಿ ಜಪ್ತಿ. ಹಾಯಿ ಇಲ್ಲದ ದೋಣಿ ಅಳಿವೆ ದಾಟುವುದಿಲ್ಲ. ಡ್ಯೂಟಿ ಹೋದರೇನು, ಜೀವ ಉಳಿಯಿತಲ್ಲ! ಅವನೇ ಓಡಿ ಬಟ್ಟೆಯ ಒಂದು ತುದಿ ಹಿಡಿದು ಮಡಚಲು ಸಹಾಯ ಮಾಡಿದ. ಇಲಿ ಕಡಿದು ಉಳಿದಿದ್ದ ಚೂರನ್ನೂ ಹುಡುಕಿ ಜೀಪಿಗೆ ಹಾಕಿದ.

ತಿರುಗಿ ನೋಡಿದರೆ ಶ್ರೀರಂಜಿನಿ ಏದುಸಿರು ಬಿಡುತ್ತಾ ಬಂದು ನಿಂತಿದ್ದಳು. ಸೌಮ್ಯಶ್ರೀ ಅವಳನ್ನೇ ನೋಡುತ್ತಿದ್ದಳು.

"ರಂಜಿನಿ? ನೀನಾ ಮಾರಾಯ್ತಿ!"

"ಸೌಮ್ಯಕ್ಕಾ!"

ಕೆಸರು ಕಾಲಿನಲ್ಲೇ ಇಬ್ಬರೂ ತಬ್ಬಿಕೊಂಡರು. ನೇವಲ್ ವಿಭಾಗದಲ್ಲಿ ಸೌಮ್ಯಶ್ರೀ ಇವಳಿಗೆ ಸೀನಿಯರ್, ಒಂದೇ ದೋಣಿಯವರು. ಜಿತೇಂದ್ರ ಜೀಪಿನ ಬಾಗಿಲು ಹಿಡಿದುಕೊಂಡು ಕೇಳಿಸಿಕೊಂಡ.

"ಆ ಬಟ್ಟೆಯಲ್ಲಿ ಸಮುದ್ರಕ್ಕೆ ಹೋಗ್ಲಿಕ್ಕೆ ಹೊರಟದ್ದಾ? ಅರ್ಧ ದಾರಿಯಲ್ಲಿ ಹರೀತಿತ್ತು. ನನ್ನ ಹತ್ರ ಒಳ್ಳೇ ಹಾಯಿ ಉಂಟು, ಹೊಸತೇ. ಸಂಜೆ ಜೀಪಿನಲ್ಲಿ ಕಳಿಸ್ತೇನೆ. ನಾಳೆ ನನಗೆ ಬಿಡುವಿಲ್ಲ, ನೀವಿಬ್ರು ಹೋಗಿ ಬನ್ನಿ. ಹೇಗೂ ಯಜಮಾನರಿಗೆ ಇಡೀ ದಿನ ರಜೆ ಆಯ್ತಲ್ಲ!"

ಹಾಯಿ ಸಂಜೆಯೇ ಬಂತು. ಹೊಚ್ಚ ಹೊಸದು, ಮುಖವಿಲ್ಲದ್ದು, ಇಲಿಯ ಹಲ್ಲು ನಾಟದಷ್ಟು ಗಟ್ಟಿ. ಮರುದಿನ ಊರೆಲ್ಲ ಮತದಾನಕ್ಕೆ ಸಾಲು ನಿಂತಿದ್ದಾಗ, ಬೆರಳಿಗೆ ಮೊದಲೇ ಶಾಯಿ ಹಾಕಿಸಿಕೊಂಡ ಜಿತೇಂದ್ರ ಎರಡೂ ಕೈಗಳಲ್ಲಿ ದೋಣಿಯ ಅಂಚು ಹಿಡಿದು, ಕಣ್ಣು ಮುಚ್ಚಿ, ಅಳಿವೆ ದಾಟಿದ. ಕುಂಞಾಮಿನುಮ್ಮ ಹೇಳುವ ಪ್ರಕಾರ ಅವನ ಕೂಗು ಬೂತಿನ ಒಳಗೂ ಕೇಳಿಸಿತಂತೆ.

ಒಂದು ವಿಷಯ ಮಾತ್ರ ನನಗೆ ಇಂದಿಗೂ ಗೊತ್ತಾಗಿಲ್ಲ. ಸ್ಕ್ವಾಡು ಅಷ್ಟು ಬೇಗ ಬಂದದ್ದು ಹೇಗೆ, ಫೋನು ಮಾಡಿದವರು ಯಾರು? ತಾನಲ್ಲ, ವೀಡಿಯೋ ತೆಗೆಯುವುದರಲ್ಲೇ ಇದ್ದೆ ಎಂದು ಸುಧೀರ್ ಆಣೆ ಹಾಕುತ್ತಾನೆ. ಶ್ರೀರಂಜಿನಿಯನ್ನು ಕೇಳಬಹುದಿತ್ತು. ಆ ಧೈರ್ಯ ಜಿತೇಂದ್ರನಿಗೂ ಬಂದಿಲ್ಲ, ನನಗೂ ಬಂದಿಲ್ಲ.